ಉಳಿದ ಒಂದು ವರ್ಷ

ಕುಂತೂರು
೧೮-೭-೧೯೬೬

ಪ್ರೀತಿಯ ಅಕ್ಕನಿಗೆ,

ನಿನ್ನ ಚನ್ನಮಲ್ಲಿಯ ನಮಸ್ಕಾರ. ಭಾವನವರಿಗೂ ತಿಳಿಸು. ಯಳಂದೂರಿನಿಂದ ನೀನು ಬರೆದ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಬರೆಯೋಣ ಅಂತ ಕೂತರೆ ಒಳಗಿಂದ ಅತ್ತೆ ಕೂಗುತ್ತಾರೆ. ಎದ್ದು ಹೋಗಿ ಬರುವಷ್ಟರಲ್ಲಿ ಏನು ಬರೆಯಬೇಕು ಅಂತಿದ್ದೆನೋ ಅದೇ ಮರೆತಿರುತ್ತದೆ. ಈಗ ಅವರ ಬೆನ್ನಿಗೆ ಎಣ್ಣೆ ತಿಕ್ಕಿ ಮಲಗಿಸಿ ಬಂದಿದ್ದೀನಿ. ಕಾಗದಕ್ಕೂ ಎಣ್ಣೆ ಅಂಟಿದೆ ನೋಡು.

ಅತ್ತೆಯ ವಿಷಯ ಆಮೇಲೆ. ನೀನು ಕೇಳಿದ್ದು ಮೈಸೂರಿನ ಸುದ್ದಿ ತಾನೆ.

ಹತ್ತನೇ ಕ್ಲಾಸು ಮುಗಿದಾಗ ಅಪ್ಪ, ಇಷ್ಟು ಚಿಕ್ಕ ಹುಡುಗೀನ ಹಾಸ್ಟೆಲಿಗೆ ಕಳಿಸಲ್ಲ ಅಂದದ್ದು ನಿನಗೆ ಗೊತ್ತು. ಅದಕ್ಕೇ ನಾನು ಕೊಳ್ಳೇಗಾಲದ ಹೈಸ್ಕೂಲಿನಲ್ಲೇ ಹನ್ನೊಂದನೇ ಕ್ಲಾಸಿಗೆ ಸೇರಿದೆ. ಪಿಯುಸಿಯ ಪಾಠವನ್ನೇ ಅಲ್ಲಿ ಓದಿ ಪಾಸಾದರೆ ಕಾಲೇಜಿನಲ್ಲಿ ಪಿಯುಸಿ ಮಾಡಬೇಕಿಲ್ಲ, ನೇರವಾಗಿ ಬಿ.ಎಸ್ಸಿ. ಅಂತ ಮೇಷ್ಟ್ರು ಹೇಳಿದ್ದರು. ಗಂಡುಹುಡುಗರ ನಡುವೆ ನಾನೊಬ್ಬಳೇ ಹುಡುಗಿ, ತಲೆ ಎತ್ತದೆ ಓದಿದೆ. ಮದುವೆಯ ಮಾತುಕತೆಯಲ್ಲೂ ಅಪ್ಪ ಅದನ್ನೇ ಹೇಳಿದರು: ಮೂರೇ ವರ್ಷ, ಓದು ಮುಗಿಸಿಬಿಡಲಿ. ಮಾವನವರು ತಕ್ಷಣ ಒಪ್ಪಿದರು.

ಮೈಸೂರಿಗೆ ಮಾವನವರೇ ಕರೆದುಕೊಂಡು ಹೋದರು. ನಮ್ಮ ಯಜಮಾನರಿಗೆ ಕಬ್ಬಿಗೆ ನೀರು ಕಟ್ಟುವುದಿತ್ತಂತೆ, ಬರಲಿಲ್ಲ. ಕಾಲೇಜಿನ ಗುಮಾಸ್ತರು ನನ್ನ ಮಾರ್ಕ್ಸ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಪಿಯುಸಿದು ಎಲ್ಲಮ್ಮ?" ಅಂದರು. ಅದೇ ಪಾಠ ಓದಿದ್ದೀನಿ ಸಾರ್ ಅಂದೆ. "ಹೈಸ್ಕೂಲಿನಲ್ಲಿ ಓದಿದ್ದು ಹೈಸ್ಕೂಲೇ. ಪಿಯುಸಿಗೆ ಸೇರಿಕೋ, ಇನ್ನೂ ಸೀಟಿದೆ" ಅಂತ ಕಾರ್ಡನ್ನು ನನ್ನ ಕಡೆಗೇ ತಳ್ಳಿದರು. ಮಾವನವರು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದರು.

"ಸಾ, ಮಗು ಪಕ್ಕದ ಮನೇಲಿ ಉಂಡ್ಕಂಡು ಬಂದದೆ. ಒಟ್ಟೆ ತುಂಬ್ಯದಾ ಅಂತ ನೋಡಿ. ನಮ್ಮನೇಲಿ ಉಂಡಿಲ್ಲ, ಇನ್ನೊಂದ್ಸಾರಿ ಕೂತ್ಕ ಅಂದ್ರೆ ಎಂಗೆ ಸಾ?"

ಅಲ್ಲೇ ನಿಂತಿದ್ದ ಕೆಮಿಸ್ಟ್ರಿ ಮೇಡಂ ನಕ್ಕು, ನನ್ನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋದರು. ಆಸಿಡ್ಡಿಗೆ ಕ್ಷಾರ ಹನಿಸಿ ತೋರಿಸು ಅಂದರು. ತೆಳು ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಬೇಕು. ನಾಲ್ಕು ಹನಿ ಹೆಚ್ಚಾಗಿ ಬಣ್ಣ ಕೆಂಪಾಗಿಹೋಯಿತು. "ಪರವಾಗಿಲ್ಲ, ತೊಳೆದು ಮತ್ತೆ ಮಾಡು" ಅಂದರು. ಎರಡನೇ ಸಲ ಸರಿಯಾಯಿತು. ಆಮೇಲೆ ಅದು ಇದು ಪ್ರಶ್ನೆ ಕೇಳಿದರು. ಕೆಲವಕ್ಕೆ ಹೇಳಿದೆ, ಕೆಲವು ಬರಲಿಲ್ಲ. ಪ್ರಿನ್ಸಿಪಾಲರ ಕೋಣೆಗೆ ಹೋಗಿ, "ಈ ಹುಡುಗಿಗೆ ಪಿಯುಸಿ ಬೇಡ, ಮೊದಲನೇ ವರ್ಷಕ್ಕೆ ತಗೊಳ್ಳಿ" ಅಂದರು. ಅವರು ಒಪ್ಪಿ ಸಹಿ ಹಾಕಿದರು. ಮಾವನವರು ಹೊರಗೆ ಬಂದು ಸಿಕ್ಕಿದವರಿಗೆಲ್ಲ ಕೈಮುಗಿದರು, ಜವಾನನಿಗೂ. ಬಸ್ಸಿನಲ್ಲಿ ಪಕ್ಕದವರಿಗೆ, "ನಮ್ಮ ಸೊಸೆಗೆ ಒಂದು ವರ್ಸದ ಓದ ಮಾಪಿ ಮಾಡುದ್ರು" ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ನನಗೂ ಅಂಥ ದಿನ ಹಿಂದೆ ಬಂದಿರಲಿಲ್ಲ.

ಆ ವಾರವೇ ಅತ್ತೆ ಹಿತ್ತಿಲಿನ ಪಾಚಿಯ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಪಟ್ಟು ಹಾಕಿ ಕಟ್ಟಿದ್ದಾರೆ, ಏಳುವ ಹಾಗಿಲ್ಲ. ಎತ್ತಿ ಕೂರಿಸುವುದು, ಮೈ ತೊಳೆಯುವುದು, ಆಳುಗಳಿಗೆ ಮುದ್ದೆ ಬೇಯಿಸುವುದು ಎಲ್ಲಾ ನನ್ನದು. ಆಗ ಮನೆಯಲ್ಲಿ ಮಾತು ಬಂತು: ಹೇಗೂ ಒಂದು ವರ್ಷ ಉಳಿದಿದೆಯಲ್ಲ, ಆ ವರ್ಷ ಮನೆಯಲ್ಲಿರಲಿ, ಓದು ಮುಂದಿನ ವರ್ಷವೂ ಇರುತ್ತದೆ. ಲೆಕ್ಕಕ್ಕೆ ಸರಿಯಾಗಿಯೇ ಇದೆ. ಪಿಯುಸಿಗೆ ಸೇರಿದ್ದರೂ ಬಿ.ಎಸ್ಸಿ. ಶುರುವಾಗುವುದು ಮುಂದಿನ ವರ್ಷವೇ. ಈ ವರ್ಷ ಬರಲಾಗುವುದಿಲ್ಲ ಅಂತ ಕಾಲೇಜಿಗೆ ಬರೆದು ಹಾಕಿದೆ. ಮುಂದಿನ ವರ್ಷ ಬಾ, ನೋಡೋಣ ಅಂತ ಉತ್ತರ ಬಂದಿದೆ. ಮೊನ್ನೆ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಅಷ್ಟು ಕೆಲಸಕ್ಕೇ ಸುಸ್ತಾಗಿ ಏಣಿಯ ಮೇಲೇ ಕೂತುಬಿಟ್ಟೆ. ಈ ನಡುವೆ ಎಲ್ಲಕ್ಕೂ ಸುಸ್ತು.

ಇರಲಿ. ನಿನ್ನ ಮಗುವಿಗೆ ಹಲ್ಲು ಬಂತೇ? ಬಿಸಿಲಿಗೆ ಬಿಡಬೇಡ. ಮಾದಪ್ಪ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ. ನನ್ನ ತಲೆಯ ಮೇಲೂ ನಿನ್ನ ಕೈಯಿರಲಿ.

ಇಂತಿ ನಿನ್ನ ತಂಗಿ
ಚನ್ನಮಲ್ಲಮ್ಮ

ಮತ್ತೆ: ಮಡಚಿದ ಕಾಗದ ಬಿಡಿಸಿದೆ. ನೀನು ಅತ್ತೆಯನ್ನು ಬೈದುಕೊಳ್ಳುತ್ತೀಯ ಅಂತ. ಅವರು ಪಾಪ, "ನೀ ಓಗವ್ವ, ನನ್ನ ತಂಗಿಯ ಕರುಸ್ಕತೀನಿ" ಅಂದರು. ಮನೆಯಲ್ಲಿರು ಅಂದವರು ನಮ್ಮ ಯಜಮಾನರು. ಯಾಕೆ ಅಂತ ಕೇಳಿದೆ. ಗೋಡೆ ನೋಡಿಕೊಂಡು ಹೇಳಿದರು: "ನಾನು ಆ ಪಿಯುಸಿಗೆ ಎರಡ್ ಸಲ ಕೂತು ಎರಡ್ ಸಲಾನೂ ಫೇಲಾದೋನು. ನಿಂಗೆ ಅದು ಬ್ಯಾಡ್ವೇ ಬ್ಯಾಡ ಅಂದ್ರಂತೆ. ಅಪ್ಪ ಊರಿಗೆಲ್ಲಾ ಸಾರ್ಕಂಡು ಬತ್ತಾವ್ರೆ." ಮದುವೆಯ ಮಾತಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಬೈದಿದ್ದರೆ ನಾನೂ ಜಗಳ ಆಡಿರುತ್ತಿದ್ದೆ ಅಕ್ಕ. ಅವರು ಅಳುತ್ತಿದ್ದರು. ಹೋಗಲ್ಲ ಬಿಡಿ ಅಂತ ನಾನೇ ಅಂದುಬಿಟ್ಟೆ. ಮುಂದಿನ ವರ್ಷ ಹೋಗ್ತೀನಿ ಅನ್ನುವ ಧೈರ್ಯ ನನಗಿರುತ್ತದೋ ಇಲ್ಲವೋ, ಗೊತ್ತಿಲ್ಲ.