ಬೆಳ್ಳಿ ಲೋಟ ನಮ್ಮದಲ್ಲ

ನ್ಯಾಯಾಲಯದ ಮಾನ್ಯ ಅಧಿಕಾರಿಗಳೇ (ಪತ್ರಿಕೆಯ ಮೂಲಕ),

ನಾನು ದಿವಾಳಿಯಾಗಿದ್ದೇನೆಂದು ಘೋಷಿಸಿ ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದೆ. ಅದನ್ನು ಪರಿಶೀಲಿಸಲು ನಂಜನಗೂಡಿನ ನಮ್ಮ ಮನೆಗೆ ಬಂದುಹೋದ ತಾವು, 'ಅರ್ಜಿದಾರರು ಅನುಕೂಲಸ್ಥರು, ದಿವಾಳಿ ಇವರಿಗೆ ಸೂಕ್ತವಲ್ಲ' ಎಂದು ವರದಿ ಬರೆದಿದ್ದೀರಿ. ಸರ್ಕಾರಿ ಕಾಗದವೊಂದು ನನ್ನನ್ನು ಅನುಕೂಲಸ್ಥ ಎಂದದ್ದು ಇದೇ ಮೊದಲು. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕೋಣವೆಂದರೆ ಫ್ರೇಮಿನ ಅಂಗಡಿಯವನೂ ಕಡ ಕೊಡುತ್ತಿಲ್ಲ.

ನಾನು ಈ ನಿರ್ಧಾರಕ್ಕೆ ಸುಮ್ಮನೆ ಬಂದವನಲ್ಲ. ನಮ್ಮೂರ ಪಕ್ಕದ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ವರ್ಷಗಟ್ಟಲೆ ಊಟ ಕಳಿಸುತ್ತಿದ್ದೆ. ೨೦೦೨ರಲ್ಲಿ ಅದು ಬಾಗಿಲು ಹಾಕಿತು. ನನಗೆ ಬರಬೇಕಾದ ಬಾಕಿ ಗೇಟಿನ ಒಳಗೇ ಉಳಿಯಿತು, ನಾನು ಕೊಡಬೇಕಾದ ದಿನಸಿ ಬಾಕಿ ಮಾತ್ರ ನನ್ನ ತಲೆಯ ಮೇಲೆ ಕೂತಿತು. ನಿವೇಶನ ಮಾರಿದೆ. ಹೆಂಡತಿ ಮಂಗಳಮ್ಮನ ಒಡವೆ ಮಾರಿದೆ. ಉಳಿದದ್ದು ಅಡುಗೆಯ ದೊಡ್ಡ ಪಾತ್ರೆಗಳು. ಅವನ್ನೂ ಮಾರಿದರೆ ಸಾಲದ ಒಂದು ಮೂಲೆ ತೀರೀತು, ಆಮೇಲೆ ಯಾವುದರಲ್ಲಿ ದುಡಿಯುವುದು? ಮಾರದಿದ್ದರೆ ಬಡ್ಡಿ ಸುಮ್ಮನಿರುತ್ತದೆಯೇ? ಎರಡನ್ನೂ ಅಳೆದು ನೋಡಿದ ಮೇಲೆಯೇ ವಕೀಲರ ಬಳಿ ಹೋದದ್ದು. ಮರ್ಯಾದೆ ಹೋಗುತ್ತದೆಂದು ಗೊತ್ತಿತ್ತು. ಅದನ್ನು ಕೊಳ್ಳುವವರಿದ್ದರೆ ಮೊದಲೇ ಮಾರಿರುತ್ತಿದ್ದೆ.

ತಾವು ಬರುವ ದಿನವನ್ನು ಮುಂಚೆಯೇ ತಿಳಿಸಿದಿರಿ. ಎಡವಟ್ಟು ಶುರುವಾದದ್ದು ಅಲ್ಲಿಂದ. ಅಧಿಕಾರಿಗಳು ಮನೆಗೆ ಬರುತ್ತಾರೆಂದು ತಿಳಿದದ್ದೇ ತಡ, ಯಾಕೆ ಬರುತ್ತಾರೆಂಬುದನ್ನು ಮಂಗಳಮ್ಮ ಮರೆತೇಬಿಟ್ಟಳು. ಪಕ್ಕದ ಮನೆಯ ಗುರುಸಿದ್ದಮ್ಮನವರ ಬೆಳ್ಳಿ ಲೋಟ ತಂದಳು. ಎದುರು ಮನೆಯ ಸೋಫಾ ಹೊರಿಸಿಕೊಂಡು ಬಂದಳು.

"ಬ್ಯಾಡ ಕಣೇ, ನಮ್ತಾವ ಏನೂ ಇಲ್ಲ ಅಂತ ನೋಡಕ್ಕೇ ಅವ್ರು ಬತ್ತಾ ಇರೋದು" ಎಂದೆ.

"ಇಲ್ದಿದ್ರೆ ಇಲ್ದಂಗೇ ತೋರುಸ್ಬೇಕಾ? ಮನೆಗ್ ಬಂದೋರ್ಗೆ ಸೊಟ್ಟ ಲೋಟ ಕೊಡಕ್ಕೆ ನಂಗ್ ಕೈ ಬರಲ್ಲ ಕಣ್ರೀ" ಎಂದಳು.

ತಾವು ಆ ಸೋಫಾದಲ್ಲಿ ಕೂತು, ಕೇಸರಿಬಾತನ್ನು ಇನ್ನೊಮ್ಮೆ ಹಾಕಿಸಿಕೊಂಡು, ಬೆಳ್ಳಿ ಲೋಟದಲ್ಲಿ ಕಾಫಿ ಕುಡಿದು, ಆ ಲೋಟವನ್ನೇ ನನ್ನ ಆಸ್ತಿಗೆ ಸೇರಿಸಿದಿರಿ. ತುಪ್ಪವೂ ಕಡ ತಂದದ್ದು, ಅದೇಕೋ ವರದಿಯಲ್ಲಿಲ್ಲ. ಆಗಲೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎನ್ನುವಿರಿ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ 'ಅದು ನಮ್ಮದಲ್ಲ ಸ್ವಾಮಿ' ಎನ್ನಲು ತಮ್ಮಿಂದಾದರೂ ಆಗುತ್ತಿತ್ತೇ?

ಈಗ ಗುರುಸಿದ್ದಮ್ಮನವರು ಬೆಳಗಾದರೆ ಬಂದು, "ನನ್ ಲೋಟ ಕೋರ್ಟ್‌ಗೋಯ್ತದಂತಲ್ಲಪ್ಪಾ?" ಎಂದು ಕೇಳುತ್ತಾರೆ. ದಿನಸಿ ಅಂಗಡಿಯ ಚಲುವಯ್ಯನವರು, "ಬೆಳ್ಳಿ ಮಡಿಕ್ಕಂಡು ನನ್ ಬಾಕಿ ಕೊಡ್ದೆ ಆಟ ಆಡ್ತಿದ್ದೀಯೇನಯ್ಯಾ?" ಎಂದು ರೇಗಿ, ನನ್ನನ್ನು ಸಿವಿಲ್ ಜೈಲಿಗೆ ಕಳಿಸಲು ವಾರಂಟ್ ಕೇಳಿದ್ದಾರೆ. ಅವರದೂ ನ್ಯಾಯವೇ, ಅವರು ತಮ್ಮ ವರದಿಯನ್ನು ನಂಬಿದ್ದಾರೆ. ನನಗೆ ಭಯವಾಗಿದೆ. ಈ ಮಾತಿನಲ್ಲಿ ವ್ಯಂಗ್ಯವಿಲ್ಲ.

ನನ್ನ ಬೇಡಿಕೆ ಇಷ್ಟೆ: ಇನ್ನೊಮ್ಮೆ ಬನ್ನಿ, ಹೇಳದೆ ಬನ್ನಿ. ಹಜಾರದಲ್ಲಿ ಕೂರದೆ ನೇರ ಅಡುಗೆಮನೆಗೆ ಬನ್ನಿ. ಈ ಪತ್ರವನ್ನು ಪತ್ರಿಕೆಗೆ ಕೊಡುವ ಮುಂಚೆ ಮಂಗಳಮ್ಮನಿಗೆ ಓದಿ ಹೇಳಿದೆ. ಕೇಳಿ ಮುಗಿಸಿದವಳು ನಮ್ಮ ಸೊಟ್ಟ ಲೋಟವನ್ನು ತೊಳೆದಿಟ್ಟು, "ಬರ್ಲಿ ಬುಡಿ. ಈ ಸತಿ ಡಬ್ಬಗಳ ಮುಚ್ಚಳ ನಾನೇ ತಗ್ದು ತೋರುಸ್ತೀನಿ" ಎಂದಳು.

ಅವಳು ಮನಸ್ಸು ಬದಲಿಸುವ ಮುಂಚೆ ದಯವಿಟ್ಟು ಬನ್ನಿ.

ಇಂತಿ,
ತಮ್ಮ ವರದಿಯ ಮಟ್ಟಿಗೆ ಅನುಕೂಲಸ್ಥನಾದ,
ಶಿವರಾಜು, ನಂಜನಗೂಡು