ತಾಯಂದಿರ ಮಾರುಕಟ್ಟೆಯ ಜಾಗ

ಸೆಪ್ಟೆಂಬರ್ 14, ಬೆಳಿಗ್ಗೆ 6

ಇವತ್ತೂ ಗಂಟು ಕಟ್ಟಿದ್ದಳು. ಇವತ್ತೂ ಬಿಚ್ಚಿಟ್ಟೆ.

ಎದ್ದು ನೋಡಿದರೆ ಇಮಾಳ, ನನ್ನ ತಾಯಿಯ, ಸ್ನಾನ ಆಗಿದೆ. ಮೂಗಿನ ಮೇಲೆ ಗಂಧದ ಗೀಟು, ಸೊಂಟಕ್ಕೆ ಸುತ್ತಿದ ಒಗೆದ ಫನೆಕ್, ಹೆಗಲ ಮೇಲೆ ಬಿಳಿ ಹೊದಿಕೆ. ಜಗುಲಿಯ ಅಂಚಿನಲ್ಲಿ ಕೂತು ಆಟೋ ಕಾಯುತ್ತಿದ್ದಾಳೆ. ಪಕ್ಕದಲ್ಲಿ ಬಟ್ಟೆಗೊಂಬೆಗಳ ಗಂಟು. ಮಾರುಕಟ್ಟೆಗೆ ಹೋಗಿ ನಾಲ್ಕು ತಿಂಗಳಾಯಿತು ಎಂದು ಹೇಳುವುದನ್ನು ನಾನು ಬಿಟ್ಟಿದ್ದೇನೆ. ಹೇಳಿದರೆ ಅಳುತ್ತಾಳೆ. ಮರುದಿನ ಮತ್ತೆ ಹೊಸದಾಗಿ ಅಳುತ್ತಾಳೆ.

"ಇವತ್ತು ಬಂದ್, ಇಮಾ."

"ಯಾರು ಕರೆದಿದ್ದು?"

"ಯಾರೋ."

"ಸರಿ ಬಿಡು. ಈ ಊರಿಗೆ ಇದೊಂದು ಕಸುಬು."

ಗಂಟಿನಲ್ಲಿ ಹದಿನಾರು ಗೊಂಬೆ. ಎಲ್ಲಾ ಹೊಸತು, ನಿನ್ನೆ ಮೊನ್ನೆ ಹೊಲಿದದ್ದು. ಒಂದಕ್ಕೂ ಕೈಗಳಿಲ್ಲ. ಹೊಲಿಯಲು ಮರೆತಿದ್ದಾಳೆ.

ಮಾರುಕಟ್ಟೆಯ ಸಂಘದಿಂದ ಮತ್ತೆ ಚೀಟಿ ಬಂದಿದೆ. ನೂರ ಹನ್ನೆರಡನೇ ಜಾಗ ಖಾಲಿ ಬಿದ್ದಿದೆ, ತಿಂಗಳ ಕೊನೆಯೊಳಗೆ ಮನೆಯವರು ಯಾರಾದರೂ ಬಂದು ಕೂರಬೇಕು, ಇಲ್ಲವೆಂದರೆ ಬೇರೆಯವರಿಗೆ. ನಲವತ್ತೊಂದು ವರ್ಷ ಇಮಾ ಕೂತ ಜಾಗ. ಅದಕ್ಕೆ ಮೊದಲು ಅವಳ ಅತ್ತೆ.

ಮನೆಯವರು ಎಂದರೆ ನಾನಲ್ಲ. ಮದುವೆಯಾದ ಹೆಂಗಸಿಗೆ ಮಾತ್ರ ಅಲ್ಲಿ ಜಾಗ. ಗಂಡ ಸತ್ತವಳಾದರೂ ಸರಿ. ನಲವತ್ತೆಂಟರ ಲೆಕ್ಚರರ್, ಮನೆ ತುಂಬಾ ಪುಸ್ತಕ — ಇದಕ್ಕೆಲ್ಲ ಅಲ್ಲಿ ಕಿಮ್ಮತ್ತಿಲ್ಲ.


ಸೆಪ್ಟೆಂಬರ್ 16

ತಮ್ಮ ಇಬೊಹಲ್ ಮತ್ತು ಅವನ ಹೆಂಡತಿ ಬಿಮೋಲಾ ಬಂದಿದ್ದರು. ಒಂದೇ ಅಂಗಳ, ಆಚೆ ಬದಿ ಅವರ ಮನೆ. ಜಾಗ ಬಿಮೋಲಾಳಿಗೆ ಎಂದು ತೀರ್ಮಾನ. ಬೇರೆ ಏನು ತೀರ್ಮಾನ ಸಾಧ್ಯವಿತ್ತು.

"ಇಚೆ, ನಾನು ಬಾಯಿಬಡಕಿ ಅನ್ನೋದು ನಿಜ" ಎಂದಳು ಬಿಮೋಲಾ; ನಾನು ಅವಳಿಗೆ ಇಚೆ, ಅಕ್ಕ. "ಆದ್ರೆ ಆ ಮುದುಕಿಯರ ಮಧ್ಯೆ ಕೂತ್ರೆ ನಂದೂ ಕಟ್ಟಿಹೋಗುತ್ತೆ. ಒಬ್ಬೊಬ್ರೂ ಪೊಲೀಸ್‌ನೋರನ್ನೇ ಓಡಿಸಿದೋರು."

"ಒಳ್ಳೇದಾಯ್ತು. ಇನ್ನು ಹಗಲೊತ್ತು ಮನೇಲಿ ಶಾಂತಿ" ಎಂದ ಇಬೊಹಲ್.

"ಅನ್ನ ನೀವೇ ಬೇಯಿಸ್ಕೋಬೇಕು. ಶಾಂತಿ ನೆಂಚ್ಕೊಂಡು ಉಣ್ಣಿ."

ನಕ್ಕೆವು. ಇಮಾಳೂ ನಕ್ಕಳು, ಯಾಕೆಂದು ಗೊತ್ತಿಲ್ಲದೆ.

ಪದ್ಧತಿಯ ಪ್ರಕಾರ ಹಳಬಳು ತಾನೇ ಬಂದು ಹೊಸಬಳ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಬೇಕು. ಎಡಬಲದವರಿಗೆ ಎಲೆ ಅಡಿಕೆ ಕೊಡಬೇಕು. ಅವರು ತೆಗೆದುಕೊಂಡರೆ ಮುಗಿಯಿತು. ಫಾರ್ಮ್, ಸಹಿ ಎಲ್ಲಾ ಅದರ ನಂತರ. ಆದ್ದರಿಂದ ಇಮಾಳನ್ನು ಒಮ್ಮೆ ಕರೆದುಕೊಂಡು ಹೋಗಲೇಬೇಕು. ಒಳ್ಳೆಯ ದಿನ ನೋಡಿ. ಪಂಚಾಂಗದ ಒಳ್ಳೆಯ ದಿನ ಅಲ್ಲ. ಅವಳಿಗೆ ಎಲ್ಲಾ ನೆನಪಿರುವ ದಿನ.

ಬಿಮೋಲಾ ಹೋಗುವಾಗ ಬಾಗಿಲಲ್ಲಿ ನಿಂತಳು. "ಇಚೆ... ನಿಮಗೆ ಏನೂ ಅನ್ನಿಸ್ತಿಲ್ಲ ತಾನೇ?"

ಇಲ್ಲ ಎಂದೆ.


ಸೆಪ್ಟೆಂಬರ್ 17

ಸುಳ್ಳು.

ಜಾಗ ಬೇಡ ನನಗೆ. ಸಂಬಳ ಇದೆ, ಪಾಠ ಇದೆ. ಆದರೆ ಏಳು ವರ್ಷದವಳಿದ್ದಾಗಿನಿಂದ ದಿನಾ ಸ್ಕೂಲು ಬಿಟ್ಟ ಮೇಲೆ ಆ ಕಟ್ಟೆಯ ಮೇಲೇ ಬೆಳೆದವಳು ನಾನು. ಗೊಂಬೆಗಳ ಹಿಂದೆ ಮಲಗಿ ಓದಿದೆ. ಮೊದಲ ಕವಿತೆ ಬಾಯಿಪಾಠ ಮಾಡಿದ್ದೂ ಅಲ್ಲೇ, ಚೌಕಾಸಿಯ ಗದ್ದಲದಲ್ಲಿ. ಇಮಾ ಒಮ್ಮೆ ಹೇಳಬೇಕು — ಆಗುವ ಹಾಗಿದ್ದರೆ ಇದು ನಿನ್ನದೇ ಆಗುತ್ತಿತ್ತು, ತಂಫಾ — ಎಂದು. ಅಷ್ಟೇ. ಬುದ್ಧಿ ಪೂರಾ ಹೋಗುವುದರೊಳಗೆ, ಅವಳ ಬಾಯಿಂದ, ಒಂದು ಸಲ.

ಕೇಳಿ ಪಡೆದರೆ ಅದಕ್ಕೆ ಅರ್ಥವಿಲ್ಲ. ಹೀಗೆಂದು ಬರೆಯುತ್ತೇನೆ, ಮತ್ತೆ ಕೇಳಿಯೇ ಬಿಡೋಣ ಎಂದೂ ಅನ್ನಿಸುತ್ತದೆ.


ಸೆಪ್ಟೆಂಬರ್ 25, ಸಂಜೆ

ಹೋಗಿ ಬಂದೆವು.

ಬೆಳಿಗ್ಗೆ ಇಮಾ ನನ್ನನ್ನು ಹೆಸರು ಹಿಡಿದು ಕರೆದಳು. ಇಬೊಹಲ್‌ನನ್ನೂ ಬೈದಳು, ಸರಿಯಾದ ಕಾರಣಕ್ಕೆ. ಇದೇ ದಿನ ಎಂದುಕೊಂಡೆವು. ಇಬೊಹಲ್ ಆಫೀಸಿಗೆ ಹೋದ. ಆಟೋದಲ್ಲಿ ನಾವು ನಾಲ್ವರು: ಇಮಾ, ಬಿಮೋಲಾ, ಅವಳ ಮಗಳು ಲಿನ್‌ಥೊಯ್, ನಾನು.

ಮೊದಲು ತಿಂಡಿಯ ಸಾಲು. ಲಿನ್‌ಥೊಯ್‌ಗೆ ಸಿಂಗ್ಜು ಬೇಕಿತ್ತು. ಹೆಚ್ಚಿದ ಎಲೆಕೋಸು, ತಾವರೆದಂಟಿಗೆ ಖಾರ ಕಲೆಸುವ ಘಾಟು ಮೂಗಿಗೆ ಬಿದ್ದದ್ದೇ ಇಮಾಳ ಬೆನ್ನು ನೆಟ್ಟಗಾಯಿತು. ಪಕ್ಕದ ಒಣಮೀನಿನವಳ ಬುಟ್ಟಿಯಿಂದ ಮಡಕೆಯಲ್ಲಿ ಹುದುಗಿಸಿದ ಒಂದು ಮೀನೆತ್ತಿ ಮೂಸಿದಳು.

"ಇದಕ್ಕೆ ವರ್ಷ ಆಗಿಲ್ಲ."

"ಆಗಿದೆ, ಇಮಾ. ಹದಿಮೂರು ತಿಂಗಳು ಮಡಕೇಲಿತ್ತು."

"ಮಡಕೇಲಿದ್ದದ್ದು ನೀನು. ಮೀನಲ್ಲ."

ಸಾಲೆಲ್ಲ ನಕ್ಕಿತು. ಮೀನಿನವಳೂ ನಕ್ಕಳು, ಒಂದು ಹಿಡಿ ಸುಮ್ಮನೆ ಕೊಟ್ಟಳು. ಬಿಮೋಲಾ ನನ್ನ ಕೈ ಅದುಮಿದಳು. ಎಲ್ಲಾ ಸರಿ ಹೋಗುತ್ತದೆ ಎಂಬಂತೆ.

ನಂತರ ಕರಕುಶಲದ ಕಟ್ಟಡ. ಮಣ್ಣಿನ ಮಡಕೆ, ಬಿದಿರಿನ ಬುಟ್ಟಿ, ಜೊಂಡಿನ ಚಾಪೆ. ಇಮಾಳ ಬಲಗಡೆ ಚಾಪೆ ಮಾರುವ ಮೆಮ್‌ತೊಂಬಿ. ಇಮಾಳಷ್ಟೇ ಹಳಬರು. ದೂರದಿಂದಲೇ ಶುರು.

"ನಾಲ್ಕು ತಿಂಗಳು ಪತ್ತೆ ಇಲ್ಲ. ಮುದುಕಿ ಯಾರ ಜತೇಲೋ ಓಡಿಹೋದ್ಲು ಅಂದ್ಕೊಂಡಿದ್ದೆ."

"ಓಡಿಹೋಗೋಕೆ ಮಂಡಿ ಬೇಕಲ್ಲೇ" ಎಂದಳು ಇಮಾ.

ಕಟ್ಟೆ ಹತ್ತಿದಳು. ನಾವು ಹಿಡಿಯಲು ಹೋದರೆ ಕೈ ಕೊಡವಿದಳು. ಬಟ್ಟೆ ಹಾಸಿದಳು, ಹಳೆಯ ದಾಸ್ತಾನಿನ ಗೊಂಬೆಗಳನ್ನು ಜೋಡಿ ಜೋಡಿಯಾಗಿ ಇಟ್ಟಳು, ಕಾಲು ಮಡಿಸಿ ಕೂತಳು. ಮುಕ್ಕಾಲು ಗಂಟೆ ನನ್ನ ತಾಯಿ ನನ್ನ ತಾಯಿಯಾಗಿಯೇ ಇದ್ದಳು. ಒಂದು ಜೋಡಿ ಮಾರಿದಳು ಕೂಡ. ಕೊಳ್ಳಲು ಬಂದವಳಿಗೆ, "ಕಡಿಮೆ ಬೆಲೆಗೆ ಬೇಕಾದ್ರೆ ಗಂಡುಗೊಂಬೆ ಒಂದನ್ನೇ ತಗೊಂಡು ಹೋಗು, ಅದಕ್ಕೆ ಅಷ್ಟು ಬೆಲೆ ಇಲ್ಲ" ಎಂದಳು.

ಆಮೇಲೆ ಮೆಮ್‌ತೊಂಬಿ, "ಸರಿ, ಯಾರನ್ನ ಕೂರಿಸ್ತೀಯ?" ಎಂದರು. ಕೇಳಬೇಕಾದದ್ದು ಪದ್ಧತಿ.

ಇಮಾ ಎಲೆ ಅಡಿಕೆ ತಟ್ಟೆ ಎತ್ತಿಕೊಂಡಳು. ಇನ್ನೊಂದು ಕೈ ಚಾಚಿದಳು. ನನ್ನ ಕೈ ಹಿಡಿದಳು.

ಎಳೆದಳು. ನಾನು ಹತ್ತಿದೆ. ಯಾಕೆ ಹತ್ತಿದೆನೋ.

"ಇವಳು ನನ್ನ ಸೊಸೆ. ಇನ್ಮೇಲೆ ಇವಳೇ ಕೂರೋದು. ಮಾತು ಕಡಿಮೆ. ಆದ್ರೆ ಕೈ ಬಾಯಿ ಚೊಕ್ಕ. ಚೆನ್ನಾಗಿ ನೋಡ್ಕೊಳ್ಳಿ."

ಕೂತೆ. ಸಿಮೆಂಟು ತಣ್ಣಗಿತ್ತು. ಬಾಲ್ಯದಲ್ಲಿ ಅಲ್ಲಿಂದ ಕಾಣುತ್ತಿದ್ದ ಕಂಬಗಳೆಲ್ಲ ಬದಲಾಗಿವೆ, ಆದರೆ ಕಾಣುವ ಕೋನ ಅದೇ. ಎಲ್ಲರ ಸೊಂಟದ ಮಟ್ಟ. ತಟ್ಟೆ ಮೆಮ್‌ತೊಂಬಿಯವರ ಮುಂದೆ. ಅವರು ಎಲೆ ತೆಗೆಯಲಿಲ್ಲ, ಬೇಡ ಎನ್ನಲೂ ಇಲ್ಲ. ಎಡಗಡೆಯ ಬುಟ್ಟಿಯವಳು ನೆಲ ನೋಡಿದಳು. ಬಿಮೋಲಾ ಕೆಳಗೆ ನಿಂತಿದ್ದಳು, ಹೊಸ ಫನೆಕ್ ಉಟ್ಟು. ಆ ಬಾಯಿಬಡಕಿ ಒಂದು ಮಾತೂ ಆಡಲಿಲ್ಲ. ಅದಕ್ಕೆ ಅವಳ ಋಣ ನನ್ನ ಮೇಲಿದೆ.

"ಅಬೊಕ್" ಎಂದಳು ಲಿನ್‌ಥೊಯ್, ಅಜ್ಜಿಯ ಬಟ್ಟೆ ಜಗ್ಗಿ. "ಅದು ಅಮ್ಮ ಅಲ್ಲ. ಇನೆ. ನಮ್ಮ ಅತ್ತೆ."

ಎಷ್ಟು ಹೊತ್ತು ಕೂತಿದ್ದೆ? ಒಂದು ನಿಮಿಷವೂ ಇರಲಾರದು. ನನ್ನ ಕೈ ನಾನೇ ಬಿಡಿಸಿಕೊಂಡೆ. ಅವಳ ಹಿಡಿತ ಬಿಗಿಯಾಗಿತ್ತು, ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಇಳಿದೆ. ಬಿಮೋಲಾಳ ಕೈ ತಂದು ಅಲ್ಲಿಟ್ಟೆ.

"ಇವಳ್ಯಾರು?"

"ನಿನ್ನ ಸೊಸೆ, ಇಮಾ."

"ಹಾಗಾದ್ರೆ ನೀನ್ಯಾರು?"

"ಮಗಳು."

"ಮಗಳು ಕಾಲೇಜಿಗೆ ಹೋಗಿದ್ದಾಳೆ" ಎಂದಳು, ತಾಳ್ಮೆಯಿಂದ, ದಾರಿ ತಪ್ಪಿ ಬಂದವರಿಗೆ ಹೇಳುವ ಹಾಗೆ.

ತಟ್ಟೆಯನ್ನು ಮತ್ತೆ ಮುಂದೆ ಮಾಡಿದವಳು ನಾನೇ. ಮೆಮ್‌ತೊಂಬಿ ಎಲೆ ತೆಗೆದುಕೊಂಡರು. ಬುಟ್ಟಿಯವಳೂ ತೆಗೆದುಕೊಂಡಳು.


ಸೆಪ್ಟೆಂಬರ್ 26

ಕಾಲೇಜಿನಲ್ಲಿ ಕವಿತೆಯ ಪಾಠ. ಒಂದು ಸಾಲು ಓದಿ ಮುಂದಿನ ಸಾಲು ಹುಡುಕಿದೆ. ಕಣ್ಣೆದುರೇ ಇತ್ತು.


ಅಕ್ಟೋಬರ್ 12

ಬಿಮೋಲಾ ಕೂತು ಎರಡು ವಾರ ದಾಟಿತು. ವ್ಯಾಪಾರ ಪರವಾಗಿಲ್ಲವಂತೆ. ಮುದುಕಿಯರು ಮಾತಿನಲ್ಲಿ ಅವಳನ್ನು ಸೋಲಿಸಿಲ್ಲ. ಒಂದೊಂದು ಸಲ ಸಂಜೆ ಬಂದು ವರದಿ ಒಪ್ಪಿಸುತ್ತಾಳೆ. ನಗಿಸುತ್ತಾಳೆ. ಇಮಾ ಅವಳನ್ನು ಯಾರೋ ಪಕ್ಕದ ಬೀದಿಯವಳೆಂದುಕೊಂಡು ಚಹಾ ಕುಡಿದು ಹೋಗು ಎನ್ನುತ್ತಾಳೆ.

ಇಮಾಳ ಪಾಲಿಗೆ ಈಗ ನಾನು ಬಿಮೋಲಾ. ಆವತ್ತಿನಿಂದ ಹಾಗೇ ಕರೆಯುತ್ತಾಳೆ. ತಿದ್ದುವುದನ್ನು ನಿಲ್ಲಿಸಿದೆ. ಸೊಸೆಯ ಜತೆ ಅವಳು ಮೆತ್ತಗೆ ಮಾತಾಡುತ್ತಾಳೆ — ನನ್ನ ಜತೆ ಎಂದೂ ಹಾಗೆ ಮಾತಾಡಿರಲಿಲ್ಲ. ದಣಿವಾಯಿತಾ ಎನ್ನುತ್ತಾಳೆ. ಉಂಡೆಯಾ ಎನ್ನುತ್ತಾಳೆ. ಐದು ಗಂಟೆಯಾದರೆ ಮಾತ್ರ ಗೇಟಿನ ಕಡೆ ನೋಡುತ್ತಾಳೆ. "ತಂಫಾ ಇನ್ನೂ ಬರಲಿಲ್ಲವಲ್ಲ."


ಅಕ್ಟೋಬರ್ 20, ಭಾನುವಾರ

ಆದದ್ದು ಆದಂತೆ ಬರೆಯುತ್ತೇನೆ.

ಇಮಾಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದೆ. ಅಂಗಳದಲ್ಲಿ ಬಿಸಿಲು. ನನಗೆ ಬೆನ್ನು ಮಾಡಿ ಕೂತವಳು ಹೇಳಿದಳು:

"ಬಿಮೋಲಾ, ಜಾಗ ನಿನಗೆ ಕೊಟ್ಟೆ ಅಂತ ತಂಫಾ ಹತ್ರ ಹೇಳ್ಬೇಡ."

"ಯಾಕೆ?"

"ಸಂಕಟಪಡ್ತಾಳೆ. ಬಾಯಿಬಿಟ್ಟು ಹೇಳೋಳಲ್ಲ. ಅದು ಅವಳದೇ ಆಗಬೇಕಿತ್ತು. ಆ ಕಟ್ಟೆ ಮೇಲೆ ಬೆಳೆದೋಳು."

ಕೇಳಬೇಕೆಂದಿದ್ದ ಮಾತು. ಬಂತು. ಬಾಚಣಿಗೆ ನಿಲ್ಲಿಸಲಿಲ್ಲ.

"ಮದುವೆ ಆಗಿದ್ರೆ ಕೊಡಬಹುದಿತ್ತು" ಎಂದೆ.

"ಕೇಳ್ಕೊಂಡು ಬಂದಿದ್ರು."

ಬಟ್ಟಲಿನ ಎಣ್ಣೆಯಲ್ಲಿ ಬೆರಳದ್ದಿ ಅಂಗೈಗೆ ಉಜ್ಜಿಕೊಳ್ಳತೊಡಗಿದಳು. ಮರೆತಳು ಎಂದುಕೊಂಡೆ. ಮರೆತಿರಲಿಲ್ಲ.

"ಜತೇಲಿ ಎಂ.ಎ. ಓದ್ತಿದ್ದ ಹುಡುಗ. ಕುಲಚಂದ್ರ. ಅವನ ಚಿಕ್ಕಮ್ಮ ಮಾರುಕಟ್ಟೆಗೇ ಬಂದ್ಲು. ಮನೆಗೆ ಬರೋ ಮೊದಲು ಒಂದು ಮಾತು ಕೇಳೋಣ ಅಂತ. ನನ್ನ ಎದುರಿಗೇ ನಿಂತಿದ್ಲು, ಹಣ್ಣಿನ ಬುಟ್ಟಿ ಹಿಡ್ಕೊಂಡು. ನಮ್ಮ ಹುಡುಗಿಗೆ ಇಷ್ಟ ಇಲ್ಲ ಅಂದ್ಬಿಟ್ಟೆ. ಗಿರಾಕಿಗೆ ಗೊಂಬೆ ತೋರಿಸ್ತಾ ತೋರಿಸ್ತಾನೇ ಅಂದೆ."

"ಅವಳನ್ನ ಕೇಳಿದ್ರಾ?"

"ಕೇಳಿದ್ರೆ ಹ್ಞೂ ಅನ್ನೋಳು." ತಲೆ ತುಸು ಬಾಗಿಸಿದಳು, ಜಡೆ ಹೆಣೆಯಲು ಅನುಕೂಲವಾಗಲೆಂದು. "ಅವರಪ್ಪ ಹಾಸಿಗೆ ಹಿಡಿದಿದ್ರು. ನಿನ್ನ ಗಂಡ ಇನ್ನೂ ಸ್ಕೂಲು ಹುಡುಗ. ನಾನು ಬೆಳಗಿಂದ ಕತ್ತಲಾಗೋವರೆಗೂ ಅಲ್ಲಿ. ಮನೇಲಿ ಯಾರಿದ್ರು ಹೇಳು? ಒಂದೆರಡು ವರ್ಷ ತಡೀಲಿ ಅಂದ್ಕೊಂಡೆ. ಅವರು ತಡೀಲಿಲ್ಲ."

ಜಡೆ ಹೆಣೆದೆ. ತುದಿಗೆ ದಾರ ಕಟ್ಟಿದೆ. ಎಣ್ಣೆ ಬಟ್ಟಲು ಒಳಗಿಟ್ಟೆ.

ಅವನು ಒಂದು ಮಾರ್ಚ್ ತಿಂಗಳು ಇದ್ದಕ್ಕಿದ್ದಂತೆ ಲೈಬ್ರರಿಗೆ ಬರುವುದು ನಿಲ್ಲಿಸಿದ. ಎದುರಾದರೆ ದಾರಿ ಬದಲಿಸಿದ. ಇಪ್ಪತ್ತನಾಲ್ಕು ವರ್ಷ ಒಬ್ಬ ಮನುಷ್ಯನನ್ನು ಹೇಡಿ ಎಂದುಕೊಂಡೆ. ಅವನು ನನ್ನನ್ನು ಏನೆಂದುಕೊಂಡನೋ. ಆ ಜಾಗಕ್ಕೆ ನಾನು ಸಲ್ಲದಂತೆ ಆದದ್ದು ಅದೇ ಜಾಗದಲ್ಲಿ. ನಾನು ಎಷ್ಟೋ ಮಧ್ಯಾಹ್ನ ಮಲಗಿ ಓದಿದ ಆ ಎರಡು ಮೊಳದ ಸಿಮೆಂಟಿನ ಮೇಲೆ ಕೂತು, ಗೊಂಬೆ ತೋರಿಸುತ್ತಾ ಇಮಾ ಅಂದ ಒಂದು ಮಾತಿನಿಂದ.


ಅಕ್ಟೋಬರ್ 22

ಇಮಾಳ ತಲೆ ಬಾಚಲು ಲಿನ್‌ಥೊಯ್‌ಳನ್ನು ಕರೆದೆ. ನನಗೆ ಕೈನೋವು ಎಂದೆ.


ಅಕ್ಟೋಬರ್ 28

ಕಾಲೇಜು ಮುಗಿಸಿ ಮಾರುಕಟ್ಟೆಗೆ ಹೋದೆ. ಬಿಮೋಲಾ ಸರಿದು ಜಾಗ ಮಾಡಿದಳು, "ಬನ್ನಿ ಇಚೆ, ಕೂತ್ಕೊಳ್ಳಿ." ಕೂರಲಿಲ್ಲ. ಚಾಪೆಯ ಕಡೆ ಹೋದೆ.

ಮೆಮ್‌ತೊಂಬಿಯವರನ್ನು ಕೇಳಿದೆ. ಕುಲಚಂದ್ರನ ಚಿಕ್ಕಮ್ಮ ಬಂದದ್ದು ನಿಜವೇ?

ಅವರು ಜೊಂಡಿನ ತುದಿ ಕತ್ತರಿಸುತ್ತಿದ್ದರು. ನಿಲ್ಲಿಸಲಿಲ್ಲ. "ಹೇಳಿಬಿಟ್ಲಾ?"

"ನನಗಲ್ಲ. ಸೊಸೆಗೆ ಹೇಳಿದ್ಲು."

ಅರ್ಥ ಮಾಡಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಾನು ಆವತ್ತೇ ಬೈದೆ, ತಂಫಾ. ಮೂರು ದಿನ ಮಾತು ಬಿಟ್ಟೆ. ಹಣ್ಣಿನ ಬುಟ್ಟಿ ವಾಪಸ್ ಹೋಗೋದನ್ನ ನೋಡಿದೋಳು ನಾನು. ಆಮೇಲೆ ನಿನ್ನ ಇಮಾನೇ ಎರಡು ಸಲ ಆ ಹುಡುಗನ ಮನೆ ಹುಡುಕ್ಕೊಂಡು ಹೋಗಿದ್ಲು. ಎರಡನೇ ಸಲ ಹೋದಾಗ ಅಲ್ಲಿ ಬೇರೆ ಹುಡುಗಿ ಜತೆ ಮಾತಾಗಿತ್ತು." ಕತ್ತಿ ಕೆಳಗಿಟ್ಟರು. "ಮೊನ್ನೆ ನಿನ್ನ ಕೈ ಹಿಡಿದು ಕೂರಿಸಿದ್ಲಲ್ಲ. ಆವಾಗ ಎಲೆ ತಗೊಂಡೇಬಿಡೋಣ ಅನ್ನಿಸ್ತು. ತಗೊಂಡಿದ್ರೆ ಯಾರು ಏನ್ಮಾಡ್ತಿದ್ರು? ಕೈ ಬರಲಿಲ್ಲ. ನಾನೂ ಹೆದರ್ಕೊಂಡೆ."

ಬರುವಾಗ ಒಂದು ಚಾಪೆ ಕೊಟ್ಟರು. ಬೇಡ ಎಂದೆ. ಆಟೋದೊಳಕ್ಕೆ ತುರುಕಿದರು.


ನವೆಂಬರ್ 3, ಮಧ್ಯಾಹ್ನ 3

ನಿಂಗೊಲ್ ಚಾಕೌಬಾ. ಹೆಣ್ಣುಮಕ್ಕಳನ್ನು ತವರಿಗೆ ಊಟಕ್ಕೆ ಕರೆಯುವ ದಿನ. ಬೆಳಿಗ್ಗೆಯೇ ಬಿಮೋಲಾ ಮಗಳೊಂದಿಗೆ ಮೊಯ್‌ರಾಂಗ್‌ಗೆ, ಅವಳ ತವರಿಗೆ ಹೋದಳು. ಇಬೊಹಲ್ ಮೀನು ತಂದು ತಾನೇ ಬೇಯಿಸಿದ. ಉಪ್ಪು ಹೆಚ್ಚು. ನನಗೊಂದು ಹೊದಿಕೆ ತಂದಿದ್ದ, ಕಾಲಿಗೆ ನಮಸ್ಕಾರ ಮಾಡಿದ. ಪ್ರತಿ ವರ್ಷದಂತೆ. ಅಡುಗೆಮನೆಯಲ್ಲಿ ನಾನು, ಒಲೆಯ ಮುಂದೆ ಅವನು, ಹಸೆಯ ಮೇಲೆ ಇಮಾ.

ಇಮಾ ಊಟಕ್ಕೆ ಏಳಲಿಲ್ಲ. ತೆರೆದ ಬಾಗಿಲಿಂದ ಗೇಟು ನೋಡುತ್ತಾ ಕೂತಳು.

"ತಂಫಾಗೆ ಯಾರೂ ಹೇಳಿಕಳಿಸಿಲ್ವಾ?"

"ನಾನೇ ತಂಫಾ, ಇಮಾ." ಒಂದು ತಿಂಗಳ ನಂತರ ಮೊದಲ ಸಲ ಹೇಳಿದೆ.

ನನ್ನನ್ನು ನೋಡಿದಳು. ಕೋಪವಿಲ್ಲ. ಕನಿಕರ.

"ಹಬ್ಬದ ದಿನ ಇಲ್ಲೇ ಇದ್ದೀಯಲ್ಲ ಬಿಮೋಲಾ. ನಿನ್ನ ತವರಿಂದ ಯಾರೂ ಕರೀಲಿಲ್ವಾ?"

ಇಬೊಹಲ್ ಸೌಟು ಹಿಡಿದು ಹಾಗೇ ನಿಂತ.

"ಹೋಗು. ನಿಮ್ಮಮ್ಮ ಕಾಯ್ತಿರ್ತಾಳೆ. ನನ್ನ ಚಿಂತೆ ಬೇಡ. ನನ್ನ ಮಗಳು ಬರ್ತಾಳೆ."

ಹೊಸ ಹೊದಿಕೆ ಹೊದ್ದುಕೊಂಡೆ. ಅಂಗಳ ದಾಟಿದೆ. ಗೇಟಿನ ಹೊರಗೆ ಹೋಗಿ ನಿಂತೆ. ರಸ್ತೆಯಲ್ಲಿ ಯಾರ್ಯಾರೋ ತವರಿಗೆ ಬಂದವರು, ಸ್ಕೂಟರಿನ ಮೇಲೆ, ಮಕ್ಕಳನ್ನು ಮುಂದೆ ಕೂರಿಸಿಕೊಂಡು. ಹಣ್ಣಿನಂಗಡಿಯಲ್ಲಿ ಒಂದಿಷ್ಟು ಹಣ್ಣು ಕೊಂಡೆ — ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಮತ್ತೆ ಗೇಟು ತೆರೆದೆ.

ಇಮಾ ಎದ್ದು ನಿಂತಿದ್ದಳು.

"ಬಂದ್ಯಾ ತಂಫಾ?"

"ಬಂದೆ, ಇಮಾ."

"ದೂರ ಆಯ್ತಾ?"

"ಇಲ್ಲ. ಹತ್ತಿರಾನೇ."

"ಅತ್ತೆ ಮನೇಲಿ ಕಳಿಸಿದ್ರಾ?"

"ಕಳಿಸಿದ್ರು."

ಪಕ್ಕದಲ್ಲಿ ಕೂರಿಸಿಕೊಂಡಳು. ಬಾಳೆಲೆಯನ್ನು ತಾನೇ ಒರೆಸಿದಳು. ಇಬೊಹಲ್ ಬಡಿಸಿ ಹಿತ್ತಲಿಗೆ ಹೋದ, ಒಳಗೆ ಬರಲಿಲ್ಲ. ಇಮಾ ಎರಡು ತುತ್ತು ಉಂಡು ಕೈ ನಿಲ್ಲಿಸಿದಳು.

"ನನ್ನ ಮೇಲೆ ಸಿಟ್ಟು ಇಟ್ಕೊಂಡಿಲ್ಲ ತಾನೇ?"

ನಾನು ಅವಳಿಗೆ ಮೀನಿನ ಮುಳ್ಳು ಬಿಡಿಸುತ್ತಿದ್ದೆ. ಬಿಡಿಸಿ ಅನ್ನದ ಮೇಲಿಟ್ಟೆ. ಇನ್ನೊಂದು ತುಂಡು ಎತ್ತಿಕೊಂಡೆ. ಅವಳು ಉಣ್ಣಲಿಲ್ಲ. ನನ್ನ ಬಾಯನ್ನೇ ನೋಡುತ್ತಾ ಕಾದಳು. ಆ ಕ್ಷಣದಲ್ಲಿ ಅವಳಿಗೆ ಎಲ್ಲಾ ಗೊತ್ತಿತ್ತು, ನಾನು ಯಾರೆಂದು, ತಾನು ಏನು ಕೇಳುತ್ತಿದ್ದೇನೆಂದು.

ನಾನು ಹೇಳಿದ್ದು — "ಇತ್ತು, ಇಮಾ. ಈಗ ಉಣ್ಣು."