ಏಳನೇ ರೀಲಿನ ಕೆಮ್ಮು

೧೭ ನವೆಂಬರ್, ಶನಿವಾರ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತು ಕೂತು ಎದ್ದಿದ್ದೇನೆ. ಮಂಡಿನೋವು, ಅದು ಇದು ಎಂದು ನೆಪ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮೊಮ್ಮಕ್ಕಳ ಮುಂದೆ ಗಟ್ಟಿಯಾಗಿ ಓದಬೇಡ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ನಿನ್ನ ಕಿವಿಗೆ ಏನೂ ಆಗಿಲ್ಲ. ಮೊಮ್ಮಕ್ಕಳನ್ನು ಕಟ್ಟಿಕೊಂಡು ಹೋಗಿ ನಮ್ಮ ಸಿನಿಮಾ ನೋಡಿದೆ, ನಾಯಕಿ ಮೆಟ್ಟಿಲು ಹತ್ತುವಾಗ ಅಮ್ಮನ ಕೆಮ್ಮಿಗಾಗಿ ಕಾದೆ, ಕೇಳಿಸಲೇ ಇಲ್ಲ, ಕಿವಿ ಡಾಕ್ಟರ ಹತ್ತಿರ ಹೋಗಲೇ ಎಂದು ಬರೆದಿದ್ದೀಯ. ಹೋಗಬೇಡ. ಕೆಮ್ಮು ಈಗ ಅಲ್ಲಿಲ್ಲ. ತೆಗೆದುಬಿಟ್ಟಿದ್ದಾರೆ.

ಈಗ ಎಲ್ಲೆಲ್ಲೂ ಇದೇ ಹುಚ್ಚು. ತೊಂಬತ್ತರ ದಶಕದಲ್ಲಿ ನೂರು ದಿನ ಓಡಿದ್ದಕ್ಕೆಲ್ಲ ಇಪ್ಪತ್ತೈದು ತುಂಬಿತು, ಮೂವತ್ತು ತುಂಬಿತು ಎಂದು ಸಮಾರಂಭ, ಕೇಕು, ಶಾಲು. ನಮ್ಮದಕ್ಕೆ ಮೂವತ್ತು; ಚಿತ್ರ, ಸದ್ದು ಎಲ್ಲ ಶುದ್ಧ ಮಾಡಿಸಿ ಮತ್ತೆ ಥಿಯೇಟರಿಗೆ ಬಿಟ್ಟರು, ಸಮಾರಂಭವನ್ನೂ ಇಟ್ಟುಕೊಂಡರು. ನನಗೂ ಕರೆ ಬಂತು. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ. ‘ಹಿರಿಯ ತಂತ್ರಜ್ಞರು’ ಎಂದು ಚೀಟಿ ಅಂಟಿಸಿದ್ದ ಸಾಲು ಬಾಗಿಲ ಪಕ್ಕ ಇತ್ತು. ಅಲ್ಲಿ ನಾನೊಬ್ಬಳೇ. ಮಿಕ್ಕ ಕುರ್ಚಿಗಳಲ್ಲಿ ನಟರ ಡ್ರೈವರುಗಳು ಕೂತು ಫೋನು ನೋಡುತ್ತಿದ್ದರು.

ನಾಯಕಿ ಮೈಕು ಹಿಡಿದು, “ಆ ಮೆಟ್ಟಿಲಿನ ಒಂದೊಂದು ಹೆಜ್ಜೇನೂ ನಾನು ಅನುಭವಿಸಿ ಇಟ್ಟಿದ್ದೆ, ಅದಕ್ಕೇ ಜನರ ಎದೇಲಿ ಇನ್ನೂ ಕೇಳಿಸ್ತಿದೆ” ಎಂದಳು. ಮೈಯೆಲ್ಲ ಉರಿದುಹೋಯಿತು. ಅವಳು ನಡೆದದ್ದು ಬರಿಗಾಲಲ್ಲಿ, ಸಿಮೆಂಟಿನ ಮೇಲೆ. ಜನರಿಗೆ ಕೇಳಿಸಿದ್ದು ಆಮೇಲೆ ಸ್ಟುಡಿಯೋದಲ್ಲಿ ಪರದೆ ನೋಡುತ್ತಾ ನಾನು ತುಂಬಿದ ಸದ್ದು: ನನ್ನ ಹಳೇ ಚಪ್ಪಲಿ, ಎರಡಡಿ ಹಲಗೆಯ ಮೇಲೆ. ನಾಯಕನ ಏಟಿಗೆ ಶಿಳ್ಳೆ ಹೊಡೆದವರೆಲ್ಲ ಹೊಡೆದದ್ದು ನನ್ನ ಒದ್ದೆ ಟವೆಲ್ಲಿಗೆ. ಇಷ್ಟು ವರ್ಷ ಯಾರದೋ ಕಾಲಿಗೆ ಸದ್ದು ಕೊಟ್ಟೆ, ನನ್ನ ಹೆಸರು ಮಾತ್ರ ಪರದೆಯ ಮೇಲೆ ಬರುವಾಗ ಜನ ಎದ್ದು ಹೊರಟಿರುತ್ತಿದ್ದರು. ಇರಲಿ, ಅದು ಹಳೇ ಗಾಯ. ನಾನು ಬರೆಯಹೊರಟಿದ್ದು ಅದಲ್ಲ.

ಆ ಹೆಜ್ಜೆಯ ಸದ್ದು ರೆಕಾರ್ಡ್ ಮಾಡಿದ ದಿನ ನೀನು ಇರಲಿಲ್ಲ, ಅದಕ್ಕೇ ಹೇಳುತ್ತೇನೆ. ನಿನ್ನ ಮದುವೆಯಾಗಿತ್ತು, ಅಪ್ಪ ಹೋಗಿದ್ದರು, ಅಮ್ಮನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿರಲಿಲ್ಲ. ಸ್ಟುಡಿಯೋಗೆ ಕರೆದುಕೊಂಡು ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂರಿಸುತ್ತಿದ್ದೆ. “ಕೆಂಪು ದೀಪ ಹತ್ತಿದರೆ ಕೆಮ್ಮಬೇಡಮ್ಮ” ಎಂದು ದಿನಾ ಹೇಳುತ್ತಿದ್ದೆ. ಪಾಪ, ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರಿಸಿಕೊಂಡು ಕೂತಿರುತ್ತಿದ್ದಳು. ಏಳನೇ ರೀಲಿನಲ್ಲಿ, ಒಂಬತ್ತನೇ ಮೆಟ್ಟಿಲಿಗೆ, ತಡೆಯಲಾಗದೆ ಒಮ್ಮೆ ಕೆಮ್ಮಿದಳು. ನಾನು ಹೆಜ್ಜೆ ನಿಲ್ಲಿಸಲಿಲ್ಲ. ಸೌಂಡ್ ರೆಕಾರ್ಡಿಸ್ಟ್ ಗಾಜಿನಾಚೆಯಿಂದ, “ಬಿಡಮ್ಮ, ಪಕ್ಕದ ಮನೆಯವರು ಕೆಮ್ಮಿದ್ರು ಅಂದ್ಕೋತಾರೆ” ಎಂದ. ಒಳ್ಳೆಯ ಮನುಷ್ಯ. ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಅಮ್ಮ ಇರಲಿಲ್ಲ.

ಅವಳ ದನಿ ನಮ್ಮ ಹತ್ತಿರ ಇನ್ನೆಲ್ಲಿದೆ ಹೇಳು? ಎರಡು ಫೋಟೋ ಇವೆ, ಅವು ಮಾತಾಡುವುದಿಲ್ಲ. ನಿನ್ನ ಮನೆಯಲ್ಲಿದ್ದ ಈ ಸಿನಿಮಾದ ವಿಡಿಯೋ ಕ್ಯಾಸೆಟ್ ಬೂಷ್ಟು ಹಿಡಿದು ಹಾಳಾದ ಮೇಲೆ ಟಿವಿಯಲ್ಲಿ ಹಾಕಿದಾಗಲೆಲ್ಲ ನಾವಿಬ್ಬರೂ ಫೋನಿನಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಮೂರು ಸೆಕೆಂಡು. ಅಷ್ಟೇ ನಮ್ಮ ಪಾಲಿನ ಅಮ್ಮ.

ಸಮಾರಂಭದ ದಿನ ವೇದಿಕೆಗೆ ಸದ್ದು ಶುದ್ಧ ಮಾಡಿದ ಎಂಜಿನಿಯರ್ ಬಂದ. ನಲವತ್ತು ದಾಟಿದ, ಬೊಕ್ಕತಲೆಯ, ಮೆತ್ತಗಿನ ಮನುಷ್ಯ. “ಹಳೇದು ಹೇಗಿತ್ತು, ಈಗ ಹೇಗಿದೆ ಕೇಳಿ” ಎಂದು ಅದೇ ಮೆಟ್ಟಿಲಿನ ದೃಶ್ಯ ಹಾಕಿದ. ಇಷ್ಟು ದೊಡ್ಡ ಹಾಲಿನಲ್ಲಿ, ಇಷ್ಟು ದೊಡ್ಡ ಸ್ಪೀಕರಿನಲ್ಲಿ ಅಮ್ಮ ಕೆಮ್ಮಿದಳು. ಜನ ಗೊಳ್ಳೆಂದು ನಕ್ಕರು ಅಕ್ಕ. ನಿರ್ದೇಶಕ ಹಣೆ ಚಚ್ಚಿಕೊಂಡು ನಕ್ಕ. ಆಮೇಲೆ ಹೊಸದು ಹಾಕಿದರು. ಹೆಜ್ಜೆ, ಹೆಜ್ಜೆ, ಹೆಜ್ಜೆ. ಅಮ್ಮ ಇಲ್ಲ. ಚಪ್ಪಾಳೆಯೋ ಚಪ್ಪಾಳೆ.

ನಾನು ಎದ್ದು ನಿಂತೆ. “ಯಾರನ್ನ ಕೇಳಿ ತೆಗೆದ್ರಿ?” ಎಂದು ಕೂಗಿದೆ. ಡ್ರೈವರುಗಳೂ ತಲೆಯೆತ್ತಿದರು. ನಿರೂಪಕಿ, “ಅಮ್ಮಾ, ಕೂತ್ಕೊಳ್ಳಿ, ಪ್ರಶ್ನೋತ್ತರ ಆಮೇಲೆ ಇದೆ” ಎಂದಳು. “ನಿನ್ನ ಪ್ರಶ್ನೋತ್ತರಕ್ಕೆ ಬೆಂಕಿ ಹಾಕ” ಎಂದೆ. ಆ ಎಂಜಿನಿಯರ್ ನನ್ನ ಮುಖವನ್ನೇ ನೋಡಿ ತಲೆ ತಗ್ಗಿಸಿದ. ನಾನು ಹೊರಗೆ ಬಂದೆ. ಕೊಟ್ಟ ಶಾಲನ್ನು ಕುರ್ಚಿಯ ಮೇಲೇ ಬಿಟ್ಟೆ.

ಇನ್ನೇನು ಬರೆಯಲಿ. ಭಾವನವರಿಗೆ ಸಕ್ಕರೆ ಹತೋಟಿಯಲ್ಲಿದೆ ಎಂದು ತಿಳಿದು ಸಮಾಧಾನವಾಯಿತು, ಬಿಸ್ಕತ್ತಿನ ಡಬ್ಬಿ ಮಾತ್ರ ಬಚ್ಚಿಡು. ಮೊಮ್ಮಕ್ಕಳು ಚೆನ್ನಾಗಿ ಓದಲಿ, ನಗುನಗುತ್ತಾ ಇರಲಿ. ನಿನ್ನ ಆರೋಗ್ಯ ನೋಡಿಕೋ. ನನಗೆ ಇನ್ನು ಉಳಿದಿರುವವಳು ನೀನೊಬ್ಬಳೇ.

ನಿನ್ನ ಬಾಯಿಬಡುಕಿ ತಂಗಿ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ. ಬರೆಯಲು ಧೈರ್ಯವಿರಲಿಲ್ಲ. ಆ ಎಂಜಿನಿಯರ್ ಕೇಳಿಯೇ ತೆಗೆದದ್ದು ಅಕ್ಕ. ಕೇಳಿದ್ದು ನನ್ನನ್ನು. ಆರು ತಿಂಗಳ ಹಿಂದೆ ಫೋನು ಮಾಡಿ, “ಮೇಡಂ, ಏಳನೇ ರೀಲಲ್ಲಿ ಒಂದು ಕೆಮ್ಮಿದೆ. ಬೇಕಂತ ಇಟ್ಟಿದ್ದಾ, ತಪ್ಪಾಗಿ ಬಂದಿದ್ದಾ?” ಎಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಕೆಲಸದ ಬಗ್ಗೆ ನನ್ನನ್ನೇ ಕೇಳಿದ್ದರು. ನನ್ನ ಕೆಲಸದಲ್ಲಿ ಹುಳುಕು ಉಳಿದಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಕಾಯಿಲೆಯ ತಾಯಿಯನ್ನು ರೆಕಾರ್ಡಿಂಗ್ ರೂಮಿನಲ್ಲಿ ಕೂರಿಸಿಕೊಂಡಿದ್ದೆ ಎನ್ನಲು ಇನ್ನೂ ನಾಚಿಕೆಯಾಯಿತು. “ಯಾರೋ ಹೊರಗಿನವರು, ತೆಗೆದುಬಿಡಿ” ಎಂದೆ. ಅಷ್ಟು ಜನರ ಮುಂದೆ ಅವನು ಅದನ್ನು ಹೇಳಲಿಲ್ಲ. ಹಳೆಯ ತುಣುಕು ಅವನ ಹತ್ತಿರ ಇದ್ದೇ ಇರುತ್ತದೆ. ಅವನ ನಂಬರು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ನೀನು ಫೋನು ಮಾಡಿ ಅದನ್ನು ಕೊಡು ಎಂದು ಕೇಳು. ಅವಳು ನಮ್ಮಮ್ಮ ಎಂದು ಹೇಳು.